ಕಾಯದ ದೇವರೇ

ಆ ಹಾಡಿನ ಮೊದಲ ಪದ ಬಂದಾಗಲೆಲ್ಲ ಪದದಕ್ಕನಿಗೆ ಕೆಮ್ಮು ಬರುತ್ತಿತ್ತು. ದೊಡ್ಡ ಕೆಮ್ಮೇನಲ್ಲ. ಕರವಸ್ತ್ರ ಬಾಯಿಗೆ ಒತ್ತಿ, ತಲೆ ತಗ್ಗಿಸಿ ಒಂದು ಪದದಷ್ಟೇ ಉದ್ದ ಕೆಮ್ಮುವಳು. ಆಮೇಲೆ ಎರಡನೇ ಪದದಿಂದ ಎಲ್ಲರ ಜೊತೆ ಹಾಡುವಳು. ಎಷ್ಟೋ ವರ್ಷದಿಂದ ನಡೆದುಬಂದ ಕೆಮ್ಮು ಅದು. ಚರ್ಚಿನ ಸಭೆಯವರು ಅದನ್ನು ಕಣ್ಣೀರು ಎಂದು ತಿಳಿದಿದ್ದರು.

ಈ ಸಲ ಶವಪೆಟ್ಟಿಗೆಯಲ್ಲಿ ಮಲಗಿದ್ದವನು ಗಡಿಯಾರ ರಿಪೇರಿಯವನು. ಊರಿನ ಗಡಿಯಾರಗಳನ್ನೆಲ್ಲ ಸರಿಮಾಡಿ ತನ್ನ ಕೈಗಡಿಯಾರವನ್ನು ಮಾತ್ರ ಹತ್ತು ನಿಮಿಷ ಮುಂದಿಟ್ಟುಕೊಂಡು ಬದುಕಿದವನು. ಹಾಡು ಮುಗಿದ ಮೇಲೆ ಅವನ ಹೆಂಡತಿ ಬಂದು ಪದದಕ್ಕನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಹಾಡು ಒಂದು ಇಲ್ದಿದ್ರೆ ಈವತ್ತು ನಾನು ನಿಂತ್ಕೊಂಡಿರ್ತಾನೇ ಇರ್ಲಿಲ್ಲ ಅಕ್ಕ. ಅಂಥಾ ಹೊತ್ನಲ್ಲೂ ನಿಮ್ಮ ಬಾಯಿಂದ ಅಂಥಾ ಮಾತು ಬಂತಲ್ಲ! ಎಂಥಾ ನಂಬಿಕೆ ನಿಮ್ದು!"

"ಬೆಳಗಿಂದ ಏನಾದ್ರೂ ಹೊಟ್ಟೆಗೆ ಹಾಕ್ಕೊಂಡ್ಯಾ?" ಎಂದಳು ಪದದಕ್ಕ.

ಪದದಕ್ಕ ಎಂಬ ಹೆಸರು ಸಭೆಯವರೇ ಇಟ್ಟದ್ದು. ಅವಳು ಪದ ಬರೆಯುತ್ತಾಳೆ, ಅವಳ ತಮ್ಮ ರಾಗ ಹಾಕುತ್ತಾನೆ. ಗಾಯಕವೃಂದಕ್ಕೆ ಹಾಡು ಕಲಿಸುವವನಾದ್ದರಿಂದ ಅವನು ಎಲ್ಲರಿಗೂ ಮೇಷ್ಟ್ರು. ಹೆಂಡತಿ ಕೂಡ ಸಿಟ್ಟು ಬಂದಾಗ ಅವನನ್ನು ಮೇಷ್ಟ್ರೇ ಎಂದೇ ಕರೆಯುವಳು. ಸಭೆಯ ಕೀರ್ತನೆ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಡು ಈ ಅಕ್ಕ ತಮ್ಮನದು.

ಅವರು ಕೆಲಸ ಮಾಡುವ ರೀತಿ ಹೊರಗೆ ಗೊತ್ತಾದರೆ ಭಕ್ತರ ಭಕ್ತಿ ಸ್ವಲ್ಪ ಇಳಿದೀತು. ರಾಗ ಮೊದಲು, ಪದ ಆಮೇಲೆ. ಮೇಷ್ಟ್ರಿಗೆ ರಾಗ ಬರುವಾಗ ಬಾಯಿಗೆ ಬಂದ ಮಾತನ್ನೇ ಹಾಕಿ ಹಾಡಿಬಿಡುವನು. ಮಾತ್ರೆ ಸರಿಯಿದ್ದರೆ ಸಾಕು, ಅರ್ಥದ ಹಂಗಿಲ್ಲ. ಆ ಗುಜರಿ ಮಾತನ್ನು ತೆಗೆದು ಅದೇ ಅಳತೆಯ ದೇವರ ಮಾತನ್ನು ಕೂರಿಸುವುದು ಅಕ್ಕನ ಕೆಲಸ. ಜನ ಕಣ್ಣು ಮುಚ್ಚಿ ಹಾಡುವ 'ಬಾಳಿಗೆ ಬೆಳಕೇ ನೀ ಬಂದೆ' ಹುಟ್ಟಿದ್ದು 'ಬಾಗಿಲು ಹಾಕೇ ನೊಣ ಬಂತು' ಎಂದು. ಇನ್ನೊಂದು ಹಾಡಿನ ಹಲ್ಲೆಲೂಯ ಶುರುವಾದದ್ದು 'ಹಲ್ಲು ನೋವೇ, ಹಲ್ಲು ನೋವೇ' ಎಂದು. ಆ ವಾರ ಮೇಷ್ಟ್ರ ದವಡೆ ಊದಿತ್ತು. ಸಭೆಯಲ್ಲಿ ಆ ಹಾಡು ಬಂದಾಗ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ನಗು ತಡೆಯುವುದು ಕಷ್ಟ.

ಒಂದೇ ಒಂದು ಹಾಡಿಗೆ ಈ ಕ್ರಮ ತಿರುಗುಮುರುಗಾಗಿತ್ತು. ಆ ಸಲ ಪದ ಮೊದಲು ಬಂತು.

ಪದದಕ್ಕನ ಮಗಳು ಆಗ ಎರಡನೇ ತರಗತಿಯಲ್ಲಿದ್ದಳು. ಜ್ವರ ಬಂತು, ಇಳಿಯಲಿಲ್ಲ. ಆಗಿನ ಸಭಾಪಾಲಕರನ್ನು ದೊಡ್ಡಯ್ಯನವರು ಎನ್ನುತ್ತಿದ್ದರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಹಿರಿಯರನ್ನು ಕರೆದುಕೊಂಡು ಬಂದು ಮಂಚದ ಸುತ್ತ ಮೊಣಕಾಲೂರಿದರು. ಪದದಕ್ಕ ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ಚಪ್ಪಲಿ ಹಾಕಿಯಾಗಿತ್ತು. ಕೈಯಲ್ಲಿ ಮಗಳ ಸ್ವೆಟರ್ ಇತ್ತು, ಆಸ್ಪತ್ರೆಗೆ ಹೋಗುವಾಗ ತೊಡಿಸಲೆಂದು. ಗಂಡ ಬೀದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಇಂಜಿನ್ ಆರಿಸದೆ ಕೂತಿದ್ದ.

"ಕಾಯೋಣ ತಾಯಿ," ಎಂದರು ದೊಡ್ಡಯ್ಯನವರು, ಕಣ್ಣು ತೆರೆಯದೆ. "ಅವಸರ ಮಾಡೋದು ಅಂದ್ರೆ ಅವಿಶ್ವಾಸ. ಕರ್ತನ ಸಮಯಕ್ಕೆ ಕಾಯೋಣ."

ಕಾದರು. ಗಾಡಿಯ ಇಂಜಿನ್ ಯಾವಾಗಲೋ ಆರಿತು. ಕೊನೆಗೆ ಗಂಡನೇ ಒಳಗೆ ನುಗ್ಗಿ ಮಗುವನ್ನು ಎತ್ತಿಕೊಂಡು ಹೋದಾಗ ಡಾಕ್ಟರ್ ಹೇಳಿದ್ದು ಒಂದೇ ಮಾತು: "ಇಷ್ಟು ಹೊತ್ತು ಎಲ್ಲಿದ್ರಿ?"

ಪದದಕ್ಕ ಕಾಲೇಜಿನಲ್ಲಿ ಭಾಷೆ ಓದಿದವಳು. ಪದಗಳನ್ನು ಅಕ್ಕಿ ಆರಿಸುವ ಹಾಗೆ ಆರಿಸುವವಳು. ಮಗಳ ಮಣ್ಣು ಮುಗಿಸಿ ಮನೆಗೆ ಬಂದ ಮೇಲೆ ಒಂದು ಪದ ಅವಳ ತಲೆಯಿಂದ ಹೋಗಲೇ ಇಲ್ಲ. ಕಾಯು. ಎಂಥ ಎರಡು ನಾಲಿಗೆಯ ಪದ! ಕಾದು ಕೂರುವುದಕ್ಕೂ ಅದೇ, ಕಾಪಾಡುವುದಕ್ಕೂ ಅದೇ. ಅವರು ಕಾದರು. ದೇವರು ಕಾಯಲಿಲ್ಲ.

ಆಗ ಬಂದ ಸಾಲು ಇದು:

ಕಾಯದ ದೇವರೇ, ನಿನ್ನ ಬಳಿಗೇ ಬಂದೆ,
ಇನ್ನೆಲ್ಲಿ ಹೋಗಲಿ ನಾನು?

ಕಾಪಾಡದ ದೇವರೇ, ನೀನು ಕಾಪಾಡಲಿಲ್ಲ. ಆದರೂ ಹೋಗಲಿಕ್ಕೆ ನನಗೆ ಬೇರೆ ಮನೆಯಿಲ್ಲ. ಅಷ್ಟೇ ಅವಳು ಹೇಳಿದ್ದು. ಅಷ್ಟನ್ನು ಹೇಳಿದ ಮೇಲೆಯೇ ಅವಳಿಗೆ ಮತ್ತೆ ಪ್ರಾರ್ಥನೆ ಮಾಡಲು ಆದದ್ದು.

ತಮ್ಮ ಆ ಸಾಲನ್ನು ಅವಳ ಬಾಯಿಂದ ಕೇಳಿದ. ಮೂಲೆಯ ಹಳೆಯ ಹಾರ್ಮೋನಿಯಂ ಎಳೆದುಕೊಂಡು ಹಾಡಿದ. 'ಕಾಯದ' ಎಂಬಲ್ಲಿ ರಾಗ ಮೇಲಿನಿಂದ ಕೆಳಕ್ಕೆ, ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಕಾಲಿನ ಹಾಗೆ ಇಳಿಯಿತು. ಹಾಡಿ ಮುಗಿಸಿ, ಅಕ್ಕನ ಮಡಿಲಿಗೆ ತಲೆಯಿಟ್ಟು, ಗಂಡಸಾದರೂ ಅತ್ತ.

ಭಕ್ತಿಯನ್ನು ಮತ್ತೆ ಹೊತ್ತಿಸುವ ಉಜ್ಜೀವನ ಕೂಟದ ಸಂಜೆ ಆ ಹಾಡನ್ನು ಹಾಡಿಸುವುದೆಂದು ಮಾತಾಯಿತು. ಪದದಕ್ಕ ಮೊದಲ ಸಾಲಿನಲ್ಲಿ ಕೂತಿದ್ದಳು. ವೃಂದ ಎದ್ದು ನಿಂತಿತು. ಮೇಷ್ಟ್ರು ಕೈ ಎತ್ತಿದ. ಹಾಡು ಶುರುವಾಯಿತು:

ಕಾಯುವ ದೇವರೇ, ನಿನ್ನ ಬಳಿಗೇ ಬಂದೆ...

ರಾಗ ಇಳಿಯಲಿಲ್ಲ. 'ಕಾಯುವ' ಎಂಬಲ್ಲಿ ಅದು ಏರಿತು, ಎರಡು ಕೈ ಎತ್ತಿ ಹಾಡಲು ಹೇಳಿ ಮಾಡಿಸಿದ ಹಾಗೆ. ಜನ ಎರಡು ಕೈ ಎತ್ತಿದರು. ಅಳುತ್ತಾ ಮುಂದೆ ಬಂದರು. ದೊಡ್ಡಯ್ಯನವರು ಪದದಕ್ಕನ ಕಡೆ ಬೆರಳು ತೋರಿಸಿ, "ಮಗಳನ್ನು ಮಣ್ಣಿಗಿಟ್ಟು ಬಂದ ತಾಯಿ ಬರೆದದ್ದು ಇದು! ಕಾಯುವ ದೇವರು ಅನ್ನುತ್ತಾಳೆ, ಕೇಳಿ!" ಎಂದು ಗುಡುಗಿದರು.

"ಕಾಯದ ಅನ್ನೋದು ಮಾತ್ರೆಗೆ ಕೂರ್ಲಿಲ್ಲ ಅಕ್ಕ," ಎಂದ ತಮ್ಮ, ಆಮೇಲೆ, ಹಾರ್ಮೋನಿಯಂ ಮುಚ್ಚುತ್ತಾ.

ಕಾ ಎರಡು, ಯ ಒಂದು, ದ ಒಂದು. ಕಾ ಎರಡು, ಯು ಒಂದು, ವ ಒಂದು. ಅವಳು ಬೆರಳು ಮಡಿಸಿ ಎಣಿಸಿದಳು. ನಾಲ್ಕಕ್ಕೆ ನಾಲ್ಕು. ನೊಣವನ್ನೂ ಹಲ್ಲುನೋವನ್ನೂ ಕೂರಿಸಿದವನಿಗೆ ಇದು ಕೂರಲಿಲ್ಲವಂತೆ. ಹಾಡು ವೃಂದದ ಕಿವಿಗೆ ಬೀಳುವ ಮೊದಲೇ ದೊಡ್ಡಯ್ಯನವರು ಅದನ್ನು ಕೇಳಲು ಬಂದಿದ್ದರೆಂದು, "ಇದು ಹಾಡಲ್ಲ, ದೂರು" ಎಂದರೆಂದು, ಮೇಷ್ಟ್ರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲವೆಂದು ಅವಳಿಗೆ ನಿಧಾನವಾಗಿ ತಿಳಿಯಿತು. ತಮ್ಮ ಒಂದು ದಿನವೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಹಾಡು ಕಾಡ್ಗಿಚ್ಚಿನಂತೆ ಹಬ್ಬಿತು. ಯಾವ ಮನೆಯಲ್ಲಿ ಸಾವಾದರೂ ಅದೇ ಹಾಡು. ಮಗಳು ಹೋದ ಮೇಲೆ ಸಭೆಯ ಹೊಸ್ತಿಲು ತುಳಿಯದ ಗಂಡ ಕೆಲವು ವರ್ಷದ ಮೇಲೆ ತೀರಿಕೊಂಡಾಗ ಅವನ ಪೆಟ್ಟಿಗೆಯ ಮುಂದೆಯೂ ಅದನ್ನೇ ಹಾಡಿದರು. ಬೇಡವೆನ್ನಲು ಅವನಿಗೆ ಬಾಯಿರಲಿಲ್ಲ. ಅವಳಿಗೆ ಬಾಯಿದ್ದರೂ ಕೆಮ್ಮಿದಳು.

ಸಭೆಯ ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಕೆಲಸ ಅವಳದೇ. ಕೀರ್ತನೆ ಪುಸ್ತಕದ ಪ್ರತಿ ಮುದ್ರಣಕ್ಕೂ ಆ ಪುಟ ಅವಳ ಮೇಜಿಗೆ ಬರುತ್ತಿತ್ತು. ಕೆಂಪು ಪೆನ್ನು ಆ ಪದದ ಮೇಲೆ ಬಂದು ನಿಲ್ಲುತ್ತಿತ್ತು. ಎರಡೇ ಅಕ್ಷರ. ಆದರೆ ಕದ್ದು ತಿದ್ದಿದರೆ ಜನ ಅದನ್ನು ಅಚ್ಚಿನ ತಪ್ಪೆಂದುಕೊಂಡು ಹಳೆಯದನ್ನೇ ಹಾಡುತ್ತಾರೆ. ತನ್ನ ಮಾತು ಅಚ್ಚಿನ ತಪ್ಪಾಗುವುದು ಅವಳಿಗೆ ಬೇಕಿರಲಿಲ್ಲ. ಪುಟ ತಿರುಗಿಸುವಳು. ಮನೆಗೆ ಹೊರಡುವಾಗ ಬೀಗವನ್ನು ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವಳು. ಮಗಳು ಹೋದಾಗಿನಿಂದ ಅವಳಿಗೆ ಯಾವುದೂ ಒಂದೇ ಸಲಕ್ಕೆ ಮುಚ್ಚಿದೆಯೆಂಬ ನಂಬಿಕೆಯಿಲ್ಲ.

ಗಡಿಯಾರದವನ ಮಣ್ಣು ಮುಗಿದ ವಾರ ಹೊಸ ಮುದ್ರಣದ ಸುದ್ದಿ ಬಂತು. ಹೊಸ ಪಾಸ್ಟರ್ ಬಂದಿದ್ದರು. ತರುಣ, ಓದಿಕೊಂಡವರು, ನಡೆಯುವಾಗಲೂ ಅರ್ಧ ಓಡುವವರು. ಪುಸ್ತಕವನ್ನೆಲ್ಲ ಪರಿಷ್ಕರಿಸಬೇಕು, ಬರೆದವರು ಬದುಕಿದ್ದರೆ ಅವರನ್ನೇ ಕೇಳಿ ತಿದ್ದಬೇಕು ಎಂದು ಸಮಿತಿ ಮಾಡಿದರು. ಪದದಕ್ಕ ಸೀದಾ ತಮ್ಮನ ಮನೆಗೆ ಹೋದಳು.

ಮೇಷ್ಟ್ರು ಕಿಟಕಿಯ ಬಳಿ ಕೀಬೋರ್ಡಿನ ತಂತಿ ಬಿಡಿಸುತ್ತಾ ಕೂತಿದ್ದ. ತಮ್ಮನ ಹೆಂಡತಿ ಚಹಾ ತಂದಿಟ್ಟಳು.

"ಬನ್ನಿ ಅತ್ತಿಗೆ. ಹೊಸ ಪಾಸ್ಟರ್ ನೋಡಿದ್ರಾ? ಹೊಸದ್ರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ. ನಮ್ಮ ಮೇಷ್ಟ್ರನ್ನೂ ಒಗೀತಾರೇನೋ ಅಂತ ಕಾಯ್ತಿದೀನಿ. ಕೊಳೆ ಬಹಳ ಇದೆ."

"ನೀನು ಒಳಗೆ ಹೋಗೇ," ಎಂದ ಮೇಷ್ಟ್ರು.

"ಹೋಗಲ್ಲ. ಅತ್ತಿಗೆ ಮುಖ ನೋಡಿದ್ರೆ ಜಗಳಕ್ಕೆ ಬಂದ ಹಾಗಿದೆ. ಬಿಟ್ಟಿ ನೋಡೋಕೆ ಸಿಗೋದು ಇದೊಂದೇ."

ಪದದಕ್ಕ ಚಹಾ ಮುಟ್ಟಲಿಲ್ಲ. "ಸಮಿತೀಲಿ ನೀನೂ ಇದೀಯ. ನನ್ನ ಪದ ನನಗೆ ವಾಪಸ್ ಬೇಕು ಕಣೋ."

ಯಾವ ಪದವೆಂದು ಮೇಷ್ಟ್ರು ಕೇಳಲಿಲ್ಲ. ತಂತಿಯ ಗಂಟು ಇನ್ನಷ್ಟು ಬಿಗಿಯಾಯಿತು. "ಈಗ್ಯಾಕೆ ಅಕ್ಕ? ಎಷ್ಟು ಜನ ಅದನ್ನ ಹಿಡ್ಕೊಂಡು ಬದುಕಿದಾರೆ. ಹಾಡು ಇನ್ನು ನಿನ್ನದೂ ಅಲ್ಲ, ನನ್ನದೂ ಅಲ್ಲ."

"ಹಾಡು ಜನರದ್ದು. ಮಗಳು ನನ್ನವಳು."

ತಮ್ಮನ ಹೆಂಡತಿ ನಗುವುದನ್ನು ನಿಲ್ಲಿಸಿದಳು.

"ನಾಳೆ ನಾನು ಸತ್ರೆ ನನ್ನ ಪೆಟ್ಟಿಗೆ ಮುಂದೇನೂ ಅದನ್ನೇ ಹಾಡಿಸ್ತೀಯ," ಎಂದಳು ಪದದಕ್ಕ. "ಆ ಸುಳ್ಳನ್ನ ನನ್ನ ಮೇಲೆ ಹೊದಿಸಿ ಕಳಿಸ್ಬೇಡ. ನಾನು ಬರೆದಿದ್ದು ಕಾಯದ ಅಂತ. ದೊಡ್ಡಯ್ಯನವರು ಹೋದ ಮೇಲೆ ನಿನಗೊಬ್ಬನಿಗೇ ಗೊತ್ತಿರೋದು. ಸಮಿತೀಲಿ ಅದನ್ನ ಹೇಳು. ಅಷ್ಟೇ ನಾನು ಕೇಳೋದು."

"ಅರ್ಥ ಕೇಳಿದ್ರೆ?"

"ಅರ್ಥ ನಾನು ಹೇಳ್ತೀನಿ."

ಮೇಷ್ಟ್ರು ತಂತಿಯನ್ನು ಕೆಳಗಿಟ್ಟ. "ನಿನ್ನನ್ನ ಉಳಿಸೋಕೆ ಅಂತ ಮಾಡಿದ್ದು ಅಕ್ಕ," ಎಂದ ಕೊನೆಗೆ. "ಅವತ್ತು ಹಾಗೇ ಹಾಡಿದ್ರೆ ನಿನ್ನನ್ನ ಸಭೆಯಿಂದ ಹೊರಗೆ ಹಾಕೋರು."

"ನನ್ನನ್ನೋ, ನಿನ್ನನ್ನೋ?"

ತಮ್ಮನ ಹೆಂಡತಿ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಸಮಿತಿ ಸೇರಿದ್ದು ಸಭೆಯ ಹಿಂದಿನ ಕೋಣೆಯಲ್ಲಿ. ಉದ್ದದ ಮೇಜು, ಮಡಿಸುವ ಕುರ್ಚಿಗಳು, ಮೂಲೆಯಲ್ಲಿ ಒಂದು ಕಾಲು ಕುಂಟಾದ ಪಿಯಾನೊ. ಪಾಸ್ಟರ್, ಕಾರ್ಯದರ್ಶಿ, ಮೇಷ್ಟ್ರು, ಪದದಕ್ಕ. ಕಾರ್ಯದರ್ಶಿ ನಿವೃತ್ತ ವಕೀಲರು. ಪ್ರಾರ್ಥನೆ ಮಾಡುವಾಗಲೂ ದೇವರಿಗೆ ನೋಟಿಸ್ ಕೊಟ್ಟ ಹಾಗೆ ಮಾತಾಡುವವರು. ಪದದಕ್ಕ ಇಡೀ ವಾರ ಮಾತು ಜೋಡಿಸಿಕೊಂಡು ಬಂದಿದ್ದಳು. ಮಗಳ ಜ್ವರ, ಮಂಚ, ಸ್ವೆಟರ್, ದೊಡ್ಡಯ್ಯನವರ 'ಕಾಯೋಣ', ಎಲ್ಲವನ್ನೂ.

ಹಾಡು ಬಂತು. ಪಾಸ್ಟರ್ ನಕ್ಕರು. "ಇದರಲ್ಲಿ ತಿದ್ದೋದು ಏನೂ ಇಲ್ಲ ಅಲ್ವಾ ಅಕ್ಕ? ಇದು ನಮ್ಮ ಸಭೆಯ ಕಿರೀಟ."

"ಒಂದು ಪದ ಇದೆ," ಎಂದಳು ಪದದಕ್ಕ. "ನಾನು ಬರೆದಿದ್ದು ಕಾಯುವ ಅಂತ ಅಲ್ಲ. ಕಾಯದ ಅಂತ. ಕಾಯದ ದೇವರೇ."

ಕಾರ್ಯದರ್ಶಿ ಕನ್ನಡಕ ತೆಗೆದರು. "ಕಾಯದ? ಏನಮ್ಮಾ ಹಾಗಂದ್ರೆ? ದೇವರು ಕಾಯ..."

"ತಡೀರಿ, ತಡೀರಿ!" ಪಾಸ್ಟರ್ ಕುರ್ಚಿಯಿಂದ ಎದ್ದೇಬಿಟ್ಟರು. ಕಣ್ಣು ಹೊಳೆಯುತ್ತಿತ್ತು. "ಕಾಯ! ಕಾಯ ಅಂದ್ರೆ ದೇಹ! ಕಾಯದ ದೇವರೇ! ದೇಹ ತಳೆದು ಬಂದ ದೇವರೇ! ಅಯ್ಯೋ ಅಕ್ಕ, ಎಂಥಾ ಮಾತು ಬರೆದಿದ್ದೀರಿ! ಮಗಳ ದೇಹ ಕಳ್ಕೊಂಡ ತಾಯಿ, ದೇಹ ಹೊತ್ತು ನೋವು ತಿಂದ ದೇವರ ಹತ್ರ ಹೋಗ್ತಾಳೆ! ಯಾರೋ ಅಚ್ಚಿನವರು ಇದನ್ನ ಕಾಯುವ ಅಂತ ಮಾಡಿ ಹಾಳು ಮಾಡಿದಾರೆ. ಕಾಯುವ ಅನ್ನೋದು ನೂರು ಹಾಡಲ್ಲಿ ಬರೋ ಸವಕಲು ಮಾತು!"

"ಓಹೋ," ಎಂದರು ಕಾರ್ಯದರ್ಶಿ. "ಹಾಗಾದ್ರೆ ನನ್ನದೇನೂ ಆಕ್ಷೇಪಣೆ ಇಲ್ಲ. ನಾನು ಬೇರೆ ಏನೋ ಅಂದ್ಕೊಂಡೆ. ಹಾಗಾಗಿದ್ರೆ ಹಾಡನ್ನೇ ತೆಗೀಬೇಕಾಗ್ತಿತ್ತು."

ಪದದಕ್ಕ ಬಾಯಿ ತೆರೆದಳು. ಇಡೀ ಭಾಷೆಯ ಮೇಲೆ ಅವಳಿಗೆ ಸಿಟ್ಟು ಬಂತು. ಎರಡು ನಾಲಿಗೆಯ ಪದ ಎಂದುಕೊಂಡಿದ್ದಳು; ಅದಕ್ಕೆ ಮೂರನೆಯದೂ ಇದೆಯೆಂಬುದನ್ನು, ಕಾಲೇಜಿನಲ್ಲಿ ಓದಿದವಳು, ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ದುಃಖದಲ್ಲಿದ್ದವಳಿಗೆ ಅದು ಒಂದೇ ಅರ್ಥದಲ್ಲಿ ಬಂದಿತ್ತು. ಈಗ ಹೇಳಿದರೆ ಪದ ಹೋಗುತ್ತದೆ, ಹಾಡೂ ಹೋಗುತ್ತದೆ. ಹೇಳದಿದ್ದರೆ ಪದ ಬರುತ್ತದೆ, ಮಾತು ಹೋಗುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಅವಳು ತಮ್ಮನ ಕಡೆ ನೋಡಿದಳು. ಅರ್ಥ ಗೊತ್ತಿರುವವನು ಅವನೊಬ್ಬನೇ.

"ಹೌದು," ಎಂದ ಮೇಷ್ಟ್ರು, ಮೇಜಿನ ಮೇಲಿನ ಗೀರನ್ನು ಬೆರಳಿನಿಂದ ಉಜ್ಜುತ್ತಾ. "ಅಕ್ಕ ಬರೆದಿದ್ದು ಅದೇ. ಕಾಯದ ಅಂತಲೇ."

ಅಕ್ಕ ಕೇಳಿದ್ದನ್ನು ಅವನು ಮಾಡಿದ್ದ. ಅವಳು ಹೇಳು ಎಂದದ್ದು ಅಷ್ಟನ್ನೇ. ಅರ್ಥ ತಾನು ಹೇಳುತ್ತೇನೆ ಎಂದವಳು ಅವಳು. ಕೋಣೆಯಲ್ಲಿ ಎಲ್ಲರೂ ಅವಳತ್ತ ಪ್ರೀತಿಯಿಂದ ನೋಡುತ್ತಿದ್ದರು. ಪದದಕ್ಕ ತೆರೆದ ಬಾಯನ್ನು ಮುಚ್ಚಿದಳು.

ಮೆಟ್ಟಿಲಿಳಿಯುವಾಗ ತಮ್ಮ ಹಿಂದಿನಿಂದ ಬಂದ. "ಸಿಕ್ತಲ್ಲ ಅಕ್ಕ. ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ."

"ಹಾವು ಯಾರು, ಕೋಲು ಯಾರು?" ಎಂದು ಕೇಳಿದಳು ಅವಳು. ಕೆಳಗಿನ ಮೆಟ್ಟಿಲಿನಲ್ಲಿ ಅವಳು ನಿಂತಳು. ಇನ್ನೂ ಒಂದು ದಾರಿ ಉಳಿದಿತ್ತು. ಪದದ ಅರ್ಥವನ್ನು ಪಾಸ್ಟರ್ ಏನು ಬೇಕಾದರೂ ಮಾಡಿಕೊಳ್ಳಲಿ, ರಾಗಕ್ಕೆ ಮೂರು ನಾಲಿಗೆಯಿಲ್ಲ.

"ರಾಗನ ಇಳಿಸು. ನೀನು ಮೊದಲು ಹಾಡಿದ್ಯಲ್ಲ, ಹಾಗೆ. ಪದ ವಾಪಸ್ ಬಂದ ಮೇಲೆ ರಾಗನೂ ಬರ್ಬೇಕು. ಇಳಿದ್ರೆ ಕೇಳೋರಿಗೆ ತಾನಾಗೇ ತಿಳಿಯತ್ತೆ."

"ನೋಡೋಣ."

"ನೋಡೋಣ ಅನ್ಬೇಡ. ನಿನಗೆ ನೆನಪಿದೆ ತಾನೇ ಅದು?"

"ನೆನಪಿದೆ ಅಕ್ಕ," ಎಂದ ಮೇಷ್ಟ್ರು. ಅವನ ಮುಖ ನೋಡಿದರೆ ನಿಜವೆಂದೇ ಅನ್ನಿಸಿತು. "ಎಲ್ಲಾ ನೆನಪಿದೆ."

ಕರಡು ಬಂತು. ಪದದಕ್ಕ ಆ ಪುಟವನ್ನು ಎಷ್ಟು ಸಲ ನೋಡಿದಳೋ. ಕಾಯದ. ಅಕ್ಷರ ಸರಿಯಾಗಿತ್ತು. ಕೆಂಪು ಪೆನ್ನಿಗೆ ಮಾಡಲು ಏನೂ ಇರಲಿಲ್ಲ.

ಹೊಸ ಪುಸ್ತಕವನ್ನು ಭಾನುವಾರದ ಆರಾಧನೆಯಲ್ಲಿ ಪ್ರತಿಷ್ಠೆ ಮಾಡಿದರು. ಕುರ್ಚಿಕುರ್ಚಿಯ ಮೇಲೂ ಒಂದೊಂದು ಪ್ರತಿ, ಹೊಸ ಅಂಟಿನ ವಾಸನೆ. ಪಾಸ್ಟರ್ ಆ ಒಂದು ಪದದ ಮೇಲೆಯೇ ಪ್ರಸಂಗ ಮಾಡಿದರು. ದೇಹ ತಳೆದ ದೇವರು, ಹಸಿದ ದೇವರು, ಬೆವರಿದ ದೇವರು. ಚೆನ್ನಾಗಿಯೇ ಮಾತಾಡಿದರು. ಪದದಕ್ಕನ ಪಕ್ಕದಲ್ಲಿ ಕೂತಿದ್ದ ಟೈಲರಮ್ಮ, ವೃಂದದಲ್ಲಿ ಇಷ್ಟು ವರ್ಷ ಹಾಡಿ ಈಗ ಮಂಡಿನೋವಿಗೆ ಕೆಳಗೆ ಬಂದು ಕೂರುವವಳು, ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: "ಇಷ್ಟು ದಿನ ಈ ಅರ್ಥನ ಹೊಟ್ಟೇಲಿ ಇಟ್ಕೊಂಡು ಸುಮ್ನಿದ್ರಲ್ಲ ಅಕ್ಕ, ಎಂಥಾ ತಾಳ್ಮೆ!"

ಎಲ್ಲರೂ ಎದ್ದು ನಿಂತರು. ಮೇಷ್ಟ್ರು ಕೀಬೋರ್ಡಿನ ಮುಂದೆ ಕೂತಿದ್ದ. ಅಕ್ಕ ಅವನ ಕೈಗಳನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಕೆಮ್ಮು ಬರಲಿಲ್ಲ. ಕರವಸ್ತ್ರವನ್ನು ಚೀಲದಲ್ಲಿಟ್ಟಳು. ಉಸಿರು ತೆಗೆದುಕೊಂಡಳು.

ಕಾಯದ ದೇವರೇ...

ರಾಗ ಏರಿತು. ಎರಡು ಕೈ ಎತ್ತಿ ಹಾಡುವ ಅದೇ ಏರು. ಸಭೆಯೆಲ್ಲ ಎರಡು ಕೈ ಎತ್ತಿತು.

ಪದದಕ್ಕ ಒಬ್ಬಳೇ ಇಳಿದಳು. ಬೇಕೆಂದು ಇಳಿದದ್ದಲ್ಲ, ಮನೆಯ ಮೂಲೆಯಲ್ಲಿ ಹಾರ್ಮೋನಿಯಂ ಎಳೆದು ತಮ್ಮ ಹಾಡಿದ ಆ ಒಂದು ಸಲದ ರಾಗ ಅವಳ ಗಂಟಲಿನಲ್ಲಿ ಇಟ್ಟ ಹಾಗೆಯೇ ಇತ್ತು. ಮುದಿ ದನಿ, ಒರಟು ದನಿ, ಎಲ್ಲರೂ ಮೇಲೆ ಹೋದಾಗ ಅದು ಮೆಟ್ಟಿಲು ತಪ್ಪಿ ಕೆಳಗೆ ಹೋಯಿತು. ಮುಂದಿನ ಸಾಲಿನ ಒಂದಿಬ್ಬರು ತಿರುಗಿ ನೋಡಿ ಮತ್ತೆ ಮುಂದೆ ನೋಡಿದರು, ವಯಸ್ಸಾದವರ ಬಗ್ಗೆ ಇರಬೇಕಾದ ದಾಕ್ಷಿಣ್ಯದಿಂದ.

ಮೇಷ್ಟ್ರಿಗೆ ಕೇಳಿಸಿತು. ಅವನ ಕಿವಿಗೆ ಕೇಳಿಸದೆ ಇರುವ ಸ್ವರವಿಲ್ಲ. ತಲೆ ಎತ್ತಿ ಅಕ್ಕನನ್ನು ನೋಡಿದ. ಒಂದು ಗಳಿಗೆ ಎಡಗೈ ಕೀಲಿಮಣೆಯ ಮೇಲೆ ಎದ್ದು ನಿಂತಿತು. ಅವಳೂ ಅವನನ್ನೇ ನೋಡಿದಳು.

ಆ ಕೈ ಬದಿಗೆ ಸರಿದು ದನಿ ಹೆಚ್ಚಿಸುವ ಗುಂಡಿಯನ್ನು ತಿರುಗಿಸಿತು. ಕೀಬೋರ್ಡು ಸಭೆಯನ್ನೆಲ್ಲ ತುಂಬಿತು.

ಎರಡನೇ ಚರಣದ ಕೊನೆಗೆ ಪಲ್ಲವಿ ಮತ್ತೆ ಬಂತು. ಪದದಕ್ಕ ಮತ್ತೆ ಇಳಿದಳು, ಈ ಸಲ ಬೇಕೆಂದೇ. ಟೈಲರಮ್ಮ ಅವಳ ಮೊಣಕೈ ಹಿಡಿದು, ಮಗುವಿಗೆ ರಸ್ತೆ ದಾಟಿಸುವವಳ ಹಾಗೆ, ಕಿವಿಯ ಹತ್ತಿರ ಬಾಗಿದಳು.

"ಅಕ್ಕಾ, ಅಲ್ಲಿ ಮೇಲೆ ಹೋಗ್ಬೇಕು," ಎಂದಳು ಮೆಲ್ಲಗೆ. "ನನ್ನ ಜೊತೆ ಬನ್ನಿ, ನಾನು ಹೇಳಿಕೊಡ್ತೀನಿ."